ಅಂಚಿನ ಬಣ್ಣ

ಶನಿವಾರ ಬೆಳಗ್ಗೆ ಮಗಳು ತಾನು ಕೊಂಡ ಹಳೆಯ ಕಾರನ್ನು ತಂದು ಮನೆಯ ಮುಂದಿನ ತಗಡಿನ ಸೂರಿನ ಕೆಳಗೆ ನಿಲ್ಲಿಸಿದಾಗ ಮೇಸ್ತ್ರಿ ಮೊದಲು ನೋಡಿದ್ದು ಬಾನೆಟ್ಟನ್ನು. ಬಾಗಿಲುಗಳು, ಹಿಂಭಾಗ ಎಲ್ಲ ದಾಳಿಂಬೆ ಬಣ್ಣದಲ್ಲಿ ಪರವಾಗಿಲ್ಲ ಎನ್ನುವ ಹಾಗಿದ್ದವು. ಬಾನೆಟ್ಟು ಮಾತ್ರ ಒಂಬತ್ತು ವರ್ಷದ ಬಿಸಿಲು ಕುಡಿದು ಮಂಕು ಹಿಡಿದಿತ್ತು. ಒದ್ದೆ ಕೈಯಲ್ಲಿ ಸವರಿದರೆ ಬಣ್ಣ ಎದ್ದು ನಗುತ್ತಿತ್ತು. ಒಣಗಿದ ಮರುಕ್ಷಣ ಬೂದಿ ಬಳಿದ ಮುಖವಾಗುತ್ತಿತ್ತು.

"ಬಣ್ಣ ಒಳಗೇ ಇದೆ," ಎಂದ ಮೇಸ್ತ್ರಿ. "ಎಲ್ಲೂ ಹೋಗಿಲ್ಲ. ಮೇಲಕ್ಕೆ ಕರೀಬೇಕು ಅಷ್ಟೇ."

"ಅಂಗಡೀಲಿ ಕೊಡೋಣ ಅಂತಿದ್ದೆ ಅಪ್ಪ."

"ಮನೇಲಿ ಮೇಸ್ತ್ರಿನ ಇಟ್ಕೊಂಡು ಅಂಗಡಿಗೆ ಕೊಟ್ರೆ ಬೀದಿಯವರು ನಗ್ತಾರೆ."

"ಇದು ಮಂಚ ಅಲ್ಲ."

"ಮಂಚಕ್ಕಿಂತ ಚಿಕ್ಕದು."

ಅವನದು ಮರಕ್ಕೆ ಮೆರುಗು ಕೊಡುವ ಕಸುಬು. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಹತ್ತಿಯ ಗಂಟಿಗೆ ಕುಡಿಸಿ, ಮೇಜು, ಬಾಗಿಲು, ತೊಟ್ಟಿಲುಗಳ ಮೇಲೆ ಪದರದ ಮೇಲೆ ಪದರ ಕೂರಿಸುತ್ತ ಮೂವತ್ತೆಂಟು ವರ್ಷ ಕಳೆದಿದ್ದ. ಈಗ ಮರದ ಸಾಮಾನು ಕಾರ್ಖಾನೆಯಿಂದಲೇ ಮಿಂಚುತ್ತ ಬರುತ್ತದೆ. ದೊಡ್ಡ ಕೆಲಸಕ್ಕೆಂದು ಯಾರಾದರೂ ಅವನನ್ನು ಕರೆದು ಎರಡು ವರ್ಷವಾಗಿತ್ತು. ಬೆರಳುಗಳ ಸಂದಿಯಲ್ಲಿ ಸದಾ ಇರುತ್ತಿದ್ದ ಕಂದು ಬಣ್ಣ ಕೂಡ ತೊಳೆದು ಹೋಗಿತ್ತು. ಅದನ್ನು ಅವನು ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ.

ಮಗಳ ಕಥೆ ಬೇರೆ. ಆರು ವರ್ಷ ಬೇರೆಯವರ ಗಾಡಿ ಓಡಿಸಿ, ಬೇರೆಯವರು ಬಾ ಎಂದಾಗ ಎದ್ದು, ಹೋಗು ಎಂದಾಗ ಹೋಗಿ ಸಾಕಾಗಿತ್ತು ಅವಳಿಗೆ. ಊರಿನ ಡಯಾಲಿಸಿಸ್ ಕೇಂದ್ರಕ್ಕೆ ರೋಗಿಗಳನ್ನು ಮನೆಯಿಂದ ಕರೆತಂದು ಮತ್ತೆ ಮನೆಗೆ ಬಿಡಲು ಒಂದು ಕಾರು ಬೇಕಾಗಿತ್ತು. ಸೋಮವಾರ ಹತ್ತು ಗಂಟೆಗೆ ಗಾಡಿ ನೋಡುತ್ತಾರೆ. ಒಪ್ಪಿಗೆಯಾದರೆ ಸ್ವಂತ ಗಾಡಿ, ಸ್ವಂತ ಕೆಲಸ, ಗೊತ್ತಾದ ವೇಳೆ. ಅಲ್ಲಿಯ ಸೂಪರ್‌ವೈಸರ್ ಫೋನಿನಲ್ಲೇ ಹೇಳಿದ್ದ: "ಎಂಜಿನ್ ಜೊತೆಗೆ ಮೈನೂ ನೋಡ್ತೀವಮ್ಮ. ಬರೋ ಜನಾನೇ ಸೊರಗಿರ್ತಾರೆ, ಗಾಡೀನೂ ಸೊರಗಿರೋದು ಬೇಡ."

ಹಾಗಾಗಿ ಅವಳು ಫೋನಿನಲ್ಲಿ ನೋಡಿ ನೋಡಿ ಎಲ್ಲ ಕಲಿತುಕೊಂಡೇ ಬಂದಿದ್ದಳು. ಎರಡು ಬಕೆಟ್ಟು, ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬಟ್ಟೆ ಅದ್ದಿ ತೆಗೆಯಲು ಬರೀ ನೀರು. ಆಮೇಲೆ ಮೈಗಂಟಿದ ಸಣ್ಣ ಕೊಳೆಯನ್ನು ಎತ್ತಲು ಜೇಡಿಮಣ್ಣಿನಂಥ ಒಂದು ಮುದ್ದೆ. ಆಮೇಲೆ ಅಂಚುಗಳಿಗೆಲ್ಲ ಟೇಪು. ಆಮೇಲೆ ತಿಕ್ಕಿ ಹೊಳಪು ತರುವ ಡಬ್ಬಿಯ ಪೇಸ್ಟು. ಒಂದೊಂದಕ್ಕೂ ಒಂದೊಂದು ಬಟ್ಟೆ, ಒಂದೊಂದು ಬಣ್ಣದ್ದು.

"ಇಷ್ಟು ಬಟ್ಟೆ ನಿನ್ನ ನಾಮಕರಣದಲ್ಲೂ ಬಂದಿರಲಿಲ್ಲ," ಎಂದಳು ಅಮ್ಮ, ಹೊಸ್ತಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತ.

ಮೇಸ್ತ್ರಿಗೆ ಉಳಿದದ್ದೆಲ್ಲ ಸರಿಯೆನಿಸಿತು, ಟೇಪು ಮಾತ್ರ ಹಿಡಿಸಲಿಲ್ಲ. ಬಾನೆಟ್ಟಿನ ಅಂಚಿಗೂ, ನಡುವೆ ಎದ್ದು ನಿಂತ ಎರಡು ಏಣುಗಳಿಗೂ ಮಗಳು ನೀಲಿ ಟೇಪು ಅಂಟಿಸಿದಾಗ ಅವನು ಸುಮ್ಮನೆ ನೋಡಿದ, ಎರಡು ಸಲ ಕೆಮ್ಮಿದ, ಕೊನೆಗೆ ಕೇಳಿಯೇಬಿಟ್ಟ.

"ಇದು ಯಾಕೆ?"

"ಅಂಚಲ್ಲಿ ಬಣ್ಣ ತೆಳ್ಳಗಿರುತ್ತಂತೆ. ತಿಕ್ಕಬಾರದಂತೆ."

"ಯಾರಂತೆ ಹೇಳಿದ್ದು?"

"ವಿಡಿಯೋದಲ್ಲಿ ಅಪ್ಪ."

"ಅಂಚು ಬಿಟ್ಟು ತಿಕ್ಕೋನು ಮೇಸ್ತ್ರಿ ಅಲ್ಲಮ್ಮ. ಮೇಜಿನ ನಡುಭಾಗ ಯಾರು ಬೇಕಾದ್ರೂ ಮಿಂಚಿಸ್ತಾರೆ. ಕೈ ಗೊತ್ತಾಗೋದೇ ಅಂಚಲ್ಲಿ."

"ಟೇಪು ಇರಲಿ," ಎಂದಳು ಮಗಳು. ಅವಳ ದನಿಯಲ್ಲಿ ತಾಯಿಯ ದನಿಯಿತ್ತು. ಮೇಸ್ತ್ರಿ ಪೇಸ್ಟಿನ ಡಬ್ಬಿಯ ಮುಚ್ಚಳ ತೆಗೆದ.

ಸಂಜೆಯವರೆಗೂ ಇಬ್ಬರೂ ಪೇಸ್ಟು ಹಾಕಿ ತಿಕ್ಕಿದರು. ಭುಜ ಸೋತಿತು, ಬೆನ್ನು ಹಿಡಿಯಿತು, ಬಾನೆಟ್ಟು ಮಾತ್ರ ಮಣಿಯಲಿಲ್ಲ. ಒಂದು ಅಂಗೈ ಅಗಲ ತಿಳಿಯಾದರೆ ಅದರ ಪಕ್ಕದ್ದು ಇನ್ನಷ್ಟು ಮಂಕಾಗಿ ಕಾಣುತ್ತಿತ್ತು. ಎಡಗಡೆ ದೀಪದ ಮೇಲುಗಡೆ ಬಾನೆಟ್ಟಿನಲ್ಲಿ ಯಾರೋ ಕೀಲಿಯಿಂದ ಗೀರಿದಂಥ ಒಂದು ಗೆರೆ ಹಾಗೆಯೇ ಉಳಿದಿತ್ತು. ಎದುರು ಮನೆಯ ದರ್ಜಿ ಹೊಲಿಗೆ ಯಂತ್ರವನ್ನು ಕಿಟಕಿಗೆ ತಿರುಗಿಸಿಕೊಂಡೇ ಕೂತಿದ್ದ.

"ಮೇಸ್ತ್ರಿ, ಕಾರು ತೊಳೀತಿದೀಯೋ, ಸ್ನಾನ ಮಾಡಿಸ್ತಿದೀಯೋ?"

"ನಿನ್ನ ಸೂಜಿ ನೋಡ್ಕೊಳಯ್ಯ."

"ಅಲ್ಲ, ಬೆಳಗ್ಗೆ ಒಂದು ಬಣ್ಣ ಇತ್ತು. ಈಗ ಮೂರು ಇದೆ. ಬಟ್ಟೆ ಆಗಿದ್ರೆ ತೇಪೆ ಅನ್ನಬಹುದಿತ್ತು."

ಮಗಳು ನಕ್ಕಳು. ಮೇಸ್ತ್ರಿ ನಗಲಿಲ್ಲ. ಆ ರಾತ್ರಿ ಅನ್ನ ಸೇರಲಿಲ್ಲ ಅವನಿಗೆ.

ಭಾನುವಾರ ಊಟ ಮುಗಿಸಿ ಅಮ್ಮ, ಮಗಳು ಸೀಟಿನ ಹೊದಿಕೆ ತರಲು ಪೇಟೆಗೆ ಹೊರಟರು. ಹೋಗುವಾಗ ಮಗಳು ಹೇಳಿದಳು: "ನಾನು ಬರೋವರೆಗೂ ಮುಟ್ಟಬೇಡಿ. ಬಂದ್ಮೇಲೆ ಜೊತೆಗೆ ಮಾಡೋಣ."

"ಮುಟ್ಟಲ್ಲ, ಹೋಗು."

ಗೇಟಿನ ಅಗುಳಿ ಬಿದ್ದ ಸದ್ದಾಯಿತು. ಮೇಸ್ತ್ರಿ ಕಾರಿನ ಸುತ್ತ ಒಂದು ಸುತ್ತು ಬಂದ. ಆ ಗೀರಿನ ಮೇಲೆ ಉಗುರು ಆಡಿಸಿದ. ಒಳಗೆ ಹೋಗಿ ಕಸುಬಿನ ಪೆಟ್ಟಿಗೆ ತೆರೆದು, ಅರಗಿನ ಪದರ ಮಟ್ಟ ಮಾಡಲು ಬಳಸುವ, ನೀರಿನಲ್ಲಿ ನೆನೆಸಿ ಉಜ್ಜುವ ನಯವಾದ ಉಜ್ಜುಕಾಗದ ತೆಗೆದ. ಮುಟ್ಟಿದರೆ ಕೆನೆಯಷ್ಟು ಮೃದು. ಇದರಿಂದ ಏನು ಕೆಡಲು ಸಾಧ್ಯ? ಮಗಳು ಬರುವ ಹೊತ್ತಿಗೆ ಬಾನೆಟ್ಟು ಕನ್ನಡಿಯಾಗಿರಬೇಕು. ಅವಳು ಅದರಲ್ಲಿ ತನ್ನ ಮುಖ ನೋಡಿ ಸುಮ್ಮನಾಗಬೇಕು. ಅವನ ಆಸೆ ಅಷ್ಟೇ.

ಮೊದಲು ನೀಲಿ ಟೇಪನ್ನು ಕಿತ್ತ.

ಅವನ ಗುರು ಗಡಿಯಾರ ನೋಡಿ ಕೆಲಸ ಕಲಿಸಿದವನಲ್ಲ. ಪದ್ಯ ಹೇಳುತ್ತ ಉಜ್ಜಬೇಕು. ಒಂದು ಪದ್ಯಕ್ಕೆ ಒಂದು ಸುತ್ತು, ಹನ್ನೊಂದು ಪದ್ಯಕ್ಕೆ ಒಂದು ಹಲಗೆ. ನಡುವೆ ಕೈ ನಿಲ್ಲಬಾರದು. ಅರಗಿನ ಗಂಟು ಮರದ ಮೇಲೆ ಒಂದು ಗಳಿಗೆ ನಿಂತರೂ ಅಲ್ಲೇ ಕಚ್ಚಿ ಕಲೆಯಾಗುತ್ತದೆ. ಹೇಗೆ ಬಂದಿದೆ ಎಂದು ನಡುವೆ ಎತ್ತಿ ನೋಡಿದವನಿಗೆ ಗುರುವಿನ ಗೇಣುಕೋಲಿನ ರುಚಿ ಸಿಗುತ್ತಿತ್ತು. ಹನ್ನೊಂದು ಮುಗಿಯಲಿ, ಆಮೇಲೆ ಕಣ್ಣು ಬಿಡು, ಎನ್ನುತ್ತಿದ್ದ ಆತ. ಮೂವತ್ತೆಂಟು ವರ್ಷದಲ್ಲಿ ಆ ಪದ್ಯಗಳು ಮೇಸ್ತ್ರಿಯ ನಾಲಿಗೆಯಿಂದ ಇಳಿದು ಮೊಣಕೈಗೆ ಬಂದು ನೆಲೆಸಿದ್ದವು.

ಅವನು ಉಜ್ಜತೊಡಗಿದ. ಒಂದನೆಯ ಪದ್ಯಕ್ಕೆ ನೀರು ಹಾಲಿನಂತೆ ಬೆಳ್ಳಗಾಯಿತು. ಮೂರಕ್ಕೆ ಗೀರು ಮಾಯವಾಯಿತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಮೂರಕ್ಕೆ ನಿಲ್ಲಿಸಿದ ಕೆಲಸ ಅವನ ಕೈಯಿಂದ ಎಂದೂ ಹೊರಬಿದ್ದಿರಲಿಲ್ಲ. ಆರಕ್ಕೆ ಹಾಲು ತೆಳು ಗುಲಾಬಿಗೆ ತಿರುಗಿತು. ಬಿಸಿಲಿಗೆ ಸತ್ತ ಪದರ ಈಗ ಹೊರಡುತ್ತಿದೆ, ಒಳ್ಳೆಯದಾಯಿತು, ಎಂದುಕೊಂಡ. ಏಣುಗಳ ಮೇಲೆ, ಅಂಚಿನ ಮೇಲೆ ಇನ್ನೊಂದಿಷ್ಟು ಭಾರ ಕೊಟ್ಟ. ಒಂಬತ್ತಕ್ಕೆ ನೀರು ಕುಂಕುಮದಂತೆ ಕೆಂಪಗೆ ಹರಿದು ಬಂಪರಿನ ಮೇಲಿಂದ ನೆಲಕ್ಕೆ ತೊಟ್ಟಿಕ್ಕಿತು. ಕೈ ನಿಲ್ಲಲಿಲ್ಲ. ಹನ್ನೊಂದೂ ಮುಗಿಯಿತು.

ಒಂದು ತಂಬಿಗೆ ನೀರು ಸುರಿದು ಒರೆಸಿ, ಕಣ್ಣು ಬಿಟ್ಟು ನೋಡಿದ.

ಎರಡು ಏಣುಗಳ ಉದ್ದಕ್ಕೂ ಬೂದು ಬಣ್ಣದ ಗೆರೆ ಎದ್ದಿತ್ತು, ಸವೆದ ಚಪ್ಪಲಿಯ ಅಟ್ಟೆಯ ಹಾಗೆ. ಮುಂದಿನ ಅಂಚಿನಲ್ಲಿ ಒಂದು ಗೇಣು ಉದ್ದ ಬಣ್ಣವೇ ಇರಲಿಲ್ಲ. ಗೀರು ಇದ್ದ ಜಾಗದಲ್ಲಿ ಅಂಗೈಯಗಲದ ತೇಪೆ. ಒಣಗಿದರೆ ಹೋದೀತು ಎಂದು ಬೀಸಣಿಗೆಯಲ್ಲಿ ಗಾಳಿ ಹಾಕಿದ. ಒಣಗಿದ ಮೇಲೆ ಇನ್ನೂ ಸ್ಪಷ್ಟವಾಯಿತು.

ಆಗ ಅವನಿಗೆ ಅರ್ಥವಾಯಿತು, ಹೊತ್ತು ಮೀರಿದ ಮೇಲೆ. ಮರದ ಮೇಲೆ ಅವನು ಉಜ್ಜುತ್ತಿದ್ದುದು ಸೇರಿಸಲು. ತಪ್ಪಿದರೂ ಮತ್ತೊಂದು ಪದರ ಬಂದು ಕೆಳಗಿನದನ್ನು ಕರಗಿಸಿ ತನ್ನೊಳಗೆ ಸೇರಿಸಿಕೊಳ್ಳುತ್ತಿತ್ತು. ಇಲ್ಲಿ ಸೇರುವುದೆಂಬುದೇ ಇಲ್ಲ. ಪ್ರತಿ ಸುತ್ತೂ ಕಳೆಯುತ್ತದೆ. ಹನ್ನೊಂದು ಸಲ ಕಳೆದಿದ್ದ.

ಕಾರಿನ ಗಾಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ. ಫೋನ್ ಮಾಡಿ ಹೇಳಬೇಕು. ಏನೆಂದು ಹೇಳುವುದು? ಮುಟ್ಟಲ್ಲ ಎಂದಿದ್ದೆ, ಮುಟ್ಟಿದೆ. ಅಷ್ಟನ್ನು ಹೇಳಲು ಫೋನು ಕೈಗೆತ್ತಿಕೊಂಡ, ಮತ್ತೆ ಜೇಬಿಗೆ ಹಾಕಿದ. ಮೇಲೆದ್ದು ಪೆಟ್ಟಿಗೆಯಿಂದ ಅರಗಿನ ಸೀಸೆ, ಕೆಂಪು ಪುಡಿ, ಚಿಟಿಕೆ ಕಪ್ಪು, ಚಿಟಿಕೆ ಹಳದಿ, ಹತ್ತಿ, ಒಂದು ಹಳೆಯ ಬನಿಯನ್ನಿನ ತುಂಡು ತೆಗೆದ.

ಬಣ್ಣ ಹೊಂದಿಸುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ನೂರು ವರ್ಷದ ಬೀರುವಿಗೆ ಹೊಸ ಹಲಗೆ ಸೇರಿಸಿ, ಯಾವುದು ಹೊಸತು ಹುಡುಕು ಎಂದು ಮನೆಯವರಿಗೇ ಸವಾಲು ಹಾಕಿದವನು. ಬಟ್ಟಲಲ್ಲಿ ಕಲಸಿ, ಬಾಗಿಲಿನ ಪಕ್ಕ ಹಿಡಿದು ನೋಡಿ, ಇನ್ನೊಂದು ಹನಿ ಕಪ್ಪು, ಅರ್ಧ ಹನಿ ಹಳದಿ. ಹತ್ತಿಯ ಗಂಟು ಅಂಚಿನ ಮೇಲೆ ಗಾಳಿಯ ಹಾಗೆ ಇಳಿದು ಗಾಳಿಯ ಹಾಗೆ ಎದ್ದಿತು. ತೆಳು ಪದರ, ಆರುವಷ್ಟು ಬಿಡುವು, ಮತ್ತೆ ಪದರ. ಕೊನೆಗೆ ಇಡೀ ಬಾನೆಟ್ಟಿಗೆ ಒಂದು ಕೈ ಬಣ್ಣವಿಲ್ಲದ ಅರಗು.

ನಾಲ್ಕೂವರೆಗೆ ಗೇಟು ತೆರೆಯಿತು. ಮಗಳು ಕೈಚೀಲಗಳನ್ನು ಹಿಡಿದುಕೊಂಡೇ ನಿಂತುಬಿಟ್ಟಳು.

"ಅಮ್ಮ, ಇಲ್ಲಿ ಬಾ. ನೋಡು."

ಬಾನೆಟ್ಟಿನಲ್ಲಿ ಸೂರಿನ ತಗಡಿನ ಒಂದೊಂದು ಅಲೆಯೂ ಕಾಣುತ್ತಿತ್ತು. ಮಗಳು ಬಗ್ಗಿ ತನ್ನ ಮುಖ ನೋಡಿಕೊಂಡಳು. ಹಣೆಯ ಕೂದಲು ಸರಿಸಿಕೊಂಡಳು.

"ಟೇಪು ಕಿತ್ತಿದ್ದೀರಲ್ಲ."

"ಹೂಂ."

"ನಾನು ಸುಮ್ನೆ ಹೆದರಿದ್ದೆ. ನೀವೇ ಸರಿ ಅಪ್ಪ. ಯಾವ ಅಂಗಡಿಯವನೂ ಹೀಗೆ ಮಾಡ್ತಿರಲಿಲ್ಲ."

ದರ್ಜಿಯೂ ಬೀದಿ ದಾಟಿ ಬಂದು ನೋಡಿದ. "ಆಯ್ತಪ್ಪ, ಒಪ್ಕೊಂಡೆ. ತೇಪೆ ಕಾಣಲ್ಲ," ಎಂದ.  ಎರಡು ವರ್ಷದಿಂದ ಮೇಸ್ತ್ರಿಯ ಕಿವಿ ಕಾಯುತ್ತಿದ್ದ ಮಾತು ಬಂದಿತ್ತು, ಬರಬಾರದ ಕೆಲಸಕ್ಕೆ. ಕೈ ತೊಳೆಯುವ ನೆಪ ಹೇಳಿ ಒಳಗೆ ಹೋದ. ಬೆರಳ ಸಂದಿಯ ಕೆಂಪು ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಸೋಮವಾರ ಒಂಬತ್ತು ಗಂಟೆಗೆ ಮಗಳು ಒಗೆದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸ್ಟಿಯರಿಂಗ್ ಹಿಂದೆ ಕೂತಾಗ ಮೇಸ್ತ್ರಿಯೂ ಬಂದು ಪಕ್ಕದ ಸೀಟಿನಲ್ಲಿ ಕೂತ.

"ನೀವ್ಯಾಕೆ?"

"ಸುಮ್ನೆ. ಗಾಳಿಗೆ."

ಮೊದಲ ತಿರುವು ದಾಟಿದ ಮೇಲೆ ಅವನೆಂದ: "ಎಂಜಿನ್ನು ಬಿಸಿ ಆಗದ ಹಾಗೆ ಓಡಿಸು."

"ಎಂಜಿನ್ನು ಬಿಸಿ ಆಗದೆ ಗಾಡಿ ಹೇಗಪ್ಪ ಓಡುತ್ತೆ?"

"ನಿಧಾನ ಅಂದೆ."

"ನಿಧಾನವಾಗೇ ಹೋಗ್ತಿದೀನಿ. ಸೈಕಲ್ಲುಗಳೇ ಹಿಂದೆ ಹಾಕ್ತಿವೆ."

ಎರಡನೆಯ ತಿರುವಿನಲ್ಲಿ ಹೇಳಬೇಕೆಂದುಕೊಂಡ. ಕೆಂಪು ದೀಪದಲ್ಲಿ ನಿಂತಾಗ ಬಾಯಿ ತೆರೆದ. ಅವಳು ಕನ್ನಡಿ ಸರಿ ಮಾಡಿಕೊಳ್ಳುತ್ತ ತುಟಿಯೊಳಗೇ ಏನೋ ಗುನುಗುತ್ತಿದ್ದಳು. ಅವಳು ಗುನುಗಿದ್ದನ್ನು ಕೇಳಿ ಎಷ್ಟು ದಿನವಾಗಿತ್ತೋ. ಬಾಯಿ ಮುಚ್ಚಿದ. ದೀಪ ಹಸಿರಾಯಿತು.

ಕೇಂದ್ರದ ಅಂಗಳದಲ್ಲಿ ನೆರಳಿಗೆ ನಿಲ್ಲಿಸು ಎಂದ. ನೆರಳಲ್ಲಿ ಆ್ಯಂಬುಲೆನ್ಸ್ ನಿಂತಿತ್ತು. ಬಿಸಿಲಲ್ಲೇ ನಿಲ್ಲಿಸಬೇಕಾಯಿತು. ಮೇಸ್ತ್ರಿ ಇಳಿದು ಬಾನೆಟ್ಟಿನ ಮುಂದೆ, ಮಗುವಿಗೆ ಅಡ್ಡ ನಿಂತ ತಾಯಿಯಂತೆ ನಿಂತುಕೊಂಡ. ತನ್ನ ಒಂದು ಬೆರಳ ತುದಿಯನ್ನು ಮೆಲ್ಲಗೆ ತಾಗಿಸಿ ನೋಡಿದ. ಅರಗು ಬೆವರುತ್ತಿತ್ತು.

ಸೂಪರ್‌ವೈಸರ್ ಕುಳ್ಳಗಿನ, ಚುರುಕು ನಡಿಗೆಯ ಮನುಷ್ಯ. ಕೈಯಲ್ಲಿ ಒಂದು ಅಚ್ಚಿನ ಹಾಳೆ, ಕಿವಿಯ ಮೇಲೆ ಸಿಕ್ಕಿಸಿದ ಪೆನ್ನು. ಬಾಗಿಲು ತೆರೆದು ಮುಚ್ಚಿದ. ಹಿಂದಿನ ಸೀಟಿನಲ್ಲಿ ಕೂತು ಕಾಲು ಚಾಚಿದ. ಬ್ರೇಕು, ದೀಪ, ಬೆಲ್ಟು, ಗಾಲಿಕುರ್ಚಿ ಹಿಡಿಸುವ ಜಾಗ.

"ಚೆನ್ನಾಗಿಟ್ಟಿದ್ದೀರಮ್ಮ. ಬಣ್ಣಾನೂ ಹೊಸದರ ಹಾಗಿದೆ."

"ನಮ್ಮಪ್ಪ ಮಾಡಿದ್ದು ಸರ್."

"ಹೌದಾ ಯಜಮಾನ್ರೇ? ಸ್ವಲ್ಪ ಸರೀರಿ, ಬರ್ಕೊಳ್ತೀನಿ."

"ಅಲ್ಲಿ ಬೇಡ," ಎಂದ ಮೇಸ್ತ್ರಿ. "ನನ್ನ ಬೆನ್ನ ಮೇಲೆ ಇಟ್ಟು ಬರೀರಿ."

ಸೂಪರ್‌ವೈಸರ್ ತಮಾಷೆಯೆಂದು ನಕ್ಕು, ಹಾಳೆಯನ್ನು ಬಾನೆಟ್ಟಿನ ಮೇಲೆ ಹರಡಿ, ಎಡ ಅಂಗೈಯಿಂದ ಒತ್ತಿ ಹಿಡಿದು, ಒಂದೊಂದಾಗಿ ಗುರುತು ಹಾಕುತ್ತ ಹೋದ. ಕೊನೆಯಲ್ಲಿ ಸಹಿಗೆ ಮುನ್ನ ಹಾಳೆ ತಿರುಗಿಸಲು ನೋಡಿದ. ಹಾಳೆ ಬರಲಿಲ್ಲ. ಒಂದು ಮೂಲೆ ಹಿಡಿದು ಎಳೆದ. ಮೂಲೆ ಮಾತ್ರ ಕೈಗೆ ಬಂತು. ಇನ್ನೊಂದು ಕಡೆಯಿಂದ ಸುಲಿದ. ಅರ್ಧ ಹಾಳೆ ಬಾನೆಟ್ಟಿನ ಮೇಲೇ ಉಳಿಯಿತು. ಅವನ ಅಂಗೈ ತಿರುಗಿಸಿದರೆ ಮದರಂಗಿ ಹಚ್ಚಿದಂತೆ ಕೆಂಪಗಿತ್ತು.

 ಮಗಳು ಬಾನೆಟ್ಟನ್ನು ನೋಡಿದಳು, ಆ ಅಂಗೈಯನ್ನು ನೋಡಿದಳು, ಆಮೇಲೆ ಅಪ್ಪನ ಬೆರಳುಗಳನ್ನು ನೋಡಿದಳು.

"ಇದೇನಮ್ಮ ಇದು?" ಎಂದ ಸೂಪರ್‌ವೈಸರ್.

"ಅವಳಿಗೆ ಗೊತ್ತಿಲ್ಲ," ಎಂದ ಮೇಸ್ತ್ರಿ. "ನಾನು ಬಣ್ಣ ಉಜ್ಜಿ ತೆಗೆದುಬಿಟ್ಟೆ. ಮೇಲೆ ಅರಗು ಹಚ್ಚಿ ಮುಚ್ಚಿದೆ. ಮರಕ್ಕೆ ಹಚ್ಚೋದು. ಬಿಸಿಗೆ ನಿಲ್ಲಲ್ಲ ಅಂತ ನನಗೆ ಗೊತ್ತಿತ್ತು. ಅವಳದು ಇದರಲ್ಲಿ ಏನೂ ಇಲ್ಲ."

ಸೂಪರ್‌ವೈಸರ್ ಕರವಸ್ತ್ರದಲ್ಲಿ ಕೈ ಒರೆಸಿಕೊಂಡ. ಕರವಸ್ತ್ರವೂ ಅಂಟಿತು. "ಹೀಗೆ ನಾನು ಸಹಿ ಹಾಕೋಕಾಗಲ್ಲ," ಎಂದ ಮಗಳಿಗೆ. "ಉಳಿದಿದ್ದೆಲ್ಲ ಸರಿ ಇದೆ. ಗುರುವಾರ ಹೊತ್ತು ಮುಳುಗೋದರೊಳಗೆ ಸರಿ ಮಾಡಿಸ್ಕೊಂಡು ಬಂದ್ರೆ ನೋಡೋಣ. ಶುಕ್ರವಾರ ಇನ್ನೊಬ್ಬರ ಗಾಡಿ ಬರ್ತಿದೆ. ಅಷ್ಟರ ಮೇಲೆ ನನ್ನ ಕೈಲಿಲ್ಲ." ತನ್ನ ಕೈಯನ್ನೇ ಮತ್ತೊಮ್ಮೆ ನೋಡಿಕೊಂಡು ಒಳಗೆ ಹೋದ.

ಮಗಳು ಗಾಡಿ ತೆಗೆದಳು. ಮನೆಯ ಕಡೆ ತಿರುಗಲಿಲ್ಲ, ಬಣ್ಣದ ಶೆಡ್ಡಿನ ಕಡೆ ತಿರುಗಿದಳು. ಮುಂದಿನ ಗಾಜಿನಾಚೆ, ಬಾನೆಟ್ಟಿಗೆ ಅಂಟಿದ್ದ ಹರಿದ ಹಾಳೆ ಗಾಳಿಗೆ ಪಟಪಟ ಬಡಿಯುತ್ತಿತ್ತು.

"ಬೈಯಮ್ಮ," ಎಂದ ಮೇಸ್ತ್ರಿ. "ಸುಮ್ನಿರಬೇಡ."

"ನಿನ್ನೆ ಹೇಳಿದ್ರೆ ನಿನ್ನೆ ಬೈತಿದ್ದೆ. ಶೆಡ್ಡಿಗೂ ನಿನ್ನೆ ಸಂಜೇನೇ ಹೇಳಿಡ್ತಿದ್ದೆ. ಇವತ್ತು ಬೈಯೋಕೂ ಹೊತ್ತಿಲ್ಲ."



ಶೆಡ್ಡಿನ ಪೇಂಟರ್ ಕೈಯಲ್ಲಿದ್ದ ಗಾಡಿ ಮುಗಿಸಿ ಬರುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಬಾನೆಟ್ಟಿನ ಮೇಲೆ ಬಗ್ಗಿ ಮೂಸಿ ನೋಡಿದ. ಮುಖ ಕಿವುಚಿದ. "ಇದೇನ್ ಸ್ವಾಮಿ, ಕಾರಿಗೆ ಬೀರುವಿನ ವಾಸನೆ? ಇದು ಒಂದು ಚೂರು ಉಳಿದ್ರೂ ನನ್ನ ಬಣ್ಣ ಮೇಲೆ ನಿಲ್ಲಲ್ಲ, ಗುಳ್ಳೆ ಏಳುತ್ತೆ. ಸಂಜೆ ಐದಕ್ಕೆ ಒಳಗೆ ತಗೊಂಡ್ರೆ ಗುರುವಾರ ಮಧ್ಯಾಹ್ನ ಕೊಡಬಹುದು. ಇದನ್ನ ತೆಗೆಯೋ ಕೆಲಸ ನನಗೆ ಬರಲ್ಲ, ನನ್ನ ಹುಡುಗರಿಗೂ ಬಿಡುವಿಲ್ಲ."

"ನಾನು ತೆಗೀತೀನಿ," ಎಂದ ಮೇಸ್ತ್ರಿ. "ಸ್ಪಿರಿಟ್ಟು ಬೇಕು. ಬಟ್ಟೆ ಬೇಕು."

ಆಗ ಮೂರು ಗಂಟೆ. ಮಗಳು ಡಬ್ಬಿ ತಂದುಕೊಟ್ಟು, ಪಕ್ಕದಲ್ಲಿ ಒಂದು ಹಳೆಯ ಟೈರಿನ ಮೇಲೆ ಕೂತಳು. ಅವನು ಒರೆಸತೊಡಗಿದ. ಮೊದಲು ಹಾಳೆಯ ಚೂರು ಹೋಯಿತು. ಆಮೇಲೆ ಏಣುಗಳ ಕೆಂಪು ಬಟ್ಟೆಗೆ ಬಂದು, ಕೆಳಗಿನ ಬೂದು ಎದ್ದು ನಿಂತಿತು. ಮಗಳು ಅದನ್ನು ನೋಡುತ್ತಿರುವುದು ಅವನಿಗೆ ಬೆನ್ನಲ್ಲೇ ಗೊತ್ತಾಗುತ್ತಿತ್ತು. ಅಂಗೈಯಗಲದ ತೇಪೆ ಬಯಲಾದಾಗ ಅವಳು ಕೇಳಿದಳು.

"ಇಷ್ಟೊಂದಾ?"

"ಇನ್ನೂ ಇದೆ."

ನಾಲ್ಕೂವರೆಯ ಹೊತ್ತಿಗೆ ಪೇಂಟರ್ ಬಂದು ಇಣುಕಿದ. "ಮುಂದಿನ ಅಂಚಲ್ಲಿ ಇದೆ ನೋಡಿ ಇನ್ನೂ."

"ಕಾಣ್ತಿದೆ," ಎಂದ ಮೇಸ್ತ್ರಿ. ಕಾಣುತ್ತಿರಲಿಲ್ಲ. ಅವನು ಕಣ್ಣು ಕಿರಿದು ಮಾಡಿ ಈ ಕಡೆಯಿಂದ ನೋಡಿದ, ಆ ಕಡೆಯಿಂದ ನೋಡಿದ. ಕಾರಿನ ಬಣ್ಣ ಎಲ್ಲಿ ಮುಗಿದು ತನ್ನ ಬಣ್ಣ ಎಲ್ಲಿ ಶುರುವಾಗಿದೆ ಎಂದು ಅವನಿಗೇ ತಿಳಿಯದಷ್ಟು ಚೆನ್ನಾಗಿ ಹೊಂದಿಸಿದ್ದ. ಉಗುರಿನಿಂದ ಗೀರಲು ಧೈರ್ಯವಿಲ್ಲ. ಉಳಿದಿರುವ ಒಳ್ಳೆಯ ಬಣ್ಣವೂ ಹೋದರೆ? ಸ್ಪಿರಿಟ್ಟಿನ ಘಾಟಿಗೆ ಕಣ್ಣಲ್ಲಿ ನೀರು ಬಂದು ಇನ್ನಷ್ಟು ಮಸುಕಾಯಿತು. ಬಟ್ಟೆ ಹಿಡಿದ ಕೈ ಅಂಚಿನ ಮೇಲೆ ಎಲ್ಲಿಯೂ ಇಳಿಯದೆ ಹಾಗೇ ನಿಂತಿತು.

ಮಗಳು ಟೈರಿನಿಂದ ಎದ್ದು ಬಂದಳು. ಬಾನೆಟ್ಟಿನ ಅಂಚಿನ ಮೇಲೆ ಅಂಗೈ ಇಟ್ಟು ಎಡದಿಂದ ಬಲಕ್ಕೆ ಮೆಲ್ಲಗೆ ಸರಿಸಿದಳು. ಒಂದು ಕಡೆ ಕೈ ತಡೆಯಿತು.

"ಇಲ್ಲಿ ಅಂಟುತ್ತೆ," ಎಂದಳು. ಕೈ ತೆಗೆಯಲಿಲ್ಲ. "ಇಲ್ಲಿಂದ ಇಲ್ಲಿವರೆಗೂ. ಬೇಗ ಒರೆಸಿ ಅಪ್ಪ, ಐದಾಗುತ್ತೆ."